ಮೊಳದುದ್ದ ಕಿಡಿ

ನವೆಂಬರ್ 4, ಮಂಗಳವಾರ

ಇವತ್ತು ಸ್ಟಾಫ್ ರೂಮಿನಲ್ಲಿ ಸುಳ್ಳು ಹೇಳಿದೆ. ಅದೂ ಎಂಥ ಸುಳ್ಳು, ಅಳತೆಯ ಸುಳ್ಳು! ಸ್ಕೇಲು ಹಿಡಿಯದೆ ಉತ್ತರ ಬರೆದ ಹುಡುಗಿಯರ ಅಂಕ ಕತ್ತರಿಸುವ ಭೌತವಿಜ್ಞಾನದ ಟೀಚರು ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಆದದ್ದಿಷ್ಟು. ಶಾಲೆಯ ವಿಜ್ಞಾನ ಪ್ರದರ್ಶನ ಇಪ್ಪತ್ತೆರಡಕ್ಕೆ. ಮನೆಯಲ್ಲಿ ಕೈಯಾರೆ ಕಟ್ಟಿದ, ಗಾಳಿಯಲ್ಲಿ ಮಿಂಚಿನಂಥ ಕಿಡಿ ಹಾರಿಸುವ ಟೆಸ್ಲಾ ಕಾಯಿಲ್ ತಂದು ತೋರಿಸುತ್ತೇನೆ ಎಂದು ಹೆಡ್‌ಮಿಸ್‌ಗೆ ಹೇಳುತ್ತಿದ್ದೆ. ಕೆಮಿಸ್ಟ್ರಿ ಮೇಷ್ಟ್ರು ಚಹಾದ ಲೋಟದ ಮೇಲಿಂದ ಕಣ್ಣೆತ್ತಿ, "ಗ್ಯಾಸ್ ಲೈಟರಿನಷ್ಟಾದ್ರೂ ಕಿಡಿ ಬರುತ್ತಾ ಮೇಡಂ?" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲಿತ್ತೋ ರೋಷ, "ಒಂದು ಮೊಳ ಬರುತ್ತೆ ಸಾರ್" ಎಂದುಬಿಟ್ಟೆ. ಸಾಲದ್ದಕ್ಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಚಾಚಿ ತೋರಿಸಿಯೂ ಬಿಟ್ಟೆ. ಹೆಡ್‌ಮಿಸ್ ಖುಷಿಯಾಗಿ, "ಹಾಗಾದ್ರೆ ಹಾಲ್‌ನ ನಡುಮಧ್ಯ ನಿಮಗೇ ಜಾಗ" ಎಂದರು.

ನನ್ನ ಕಾಯಿಲ್ಲಿನ ಕಿಡಿ ನಾಲ್ಕು ಬೆರಳು. ಅದೂ ಅದರ ಮನಸ್ಸು ಚೆನ್ನಾಗಿದ್ದ ದಿನ.

ಯಜಮಾನರಿಗೆ ಹೇಳಿದೆ. ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು, ದಿನವಿಡೀ ಬೇರೆಯವರ ತಪ್ಪಿಗೆ ಬ್ರೇಕ್ ಒತ್ತುವ ಕೆಲಸ. "ಮಿಂಚಮ್ಮ, ನಿನ್ನ ಬಾಯಿಗೂ ನನ್ನ ಕಡೆ ಒಂದು ಬ್ರೇಕ್ ಹಾಕಿಸ್ಬೇಕಿತ್ತು ಕಣೇ" ಎಂದರು. ನಗು ಬಂತು. ಮಲಗಿದ ಮೇಲೆ ನಾಚಿಕೆಯಾಯಿತು.

ನವೆಂಬರ್ 6, ಗುರುವಾರ

ಸಂಜೆ ಶಾಲೆಯಿಂದ ಬಂದವಳೇ ಕಾಯಿಲ್ ಇಟ್ಟ ಸಾಮಾನು ಕೋಣೆಗೆ ಹೊಕ್ಕೆ. ಮುಟ್ಟಿಲ್ಲ, ತಟ್ಟಿಲ್ಲ, ಬರೀ ಒಂದು ಕ್ಲಿಪ್ಪು ಸರಿಸಿದ್ದು. ಕಿಡಿ ನಾಲ್ಕು ಬೆರಳಿಂದ ಒಂದು ಗೇಣಿಗೆ ಹೋಯಿತು!

ಇದರ ಗುಟ್ಟು ಉಯ್ಯಾಲೆ ತಳ್ಳುವವರಿಗೆಲ್ಲ ಗೊತ್ತು. ಕೆಳಗೆ ದಪ್ಪ ತಾಮ್ರದ ಸುರುಳಿ, ನಡುವೆ ನಿಂತ ಕೊಳವೆಗೆ ಕೂದಲೆಳೆ ತಂತಿಯ ಸುರುಳಿ, ನೆತ್ತಿಯ ಮೇಲೆ ಅಲ್ಯುಮಿನಿಯಂ ಬಳೆ. ಕೆಳಗಿನದು ತಳ್ಳುವವಳು, ಮೇಲಿನದು ಉಯ್ಯಾಲೆ. ತಾಳ ತಪ್ಪಿ ಎಷ್ಟು ಜೋರಾಗಿ ತಳ್ಳಿದರೂ ದಂಡ. ದಪ್ಪ ಸುರುಳಿಯ ಯಾವ ಸುತ್ತಿಗೆ ಕ್ಲಿಪ್ಪು ಕಚ್ಚಿಸುತ್ತೇವೋ ಅದರ ಮೇಲೆ ತಾಳ. ನಾನು ಇಷ್ಟು ದಿನ ಒಂದು ಸುತ್ತು ಒಳಗೇ ಕಚ್ಚಿಸಿದ್ದೆ. ಬಳೆಗೆ ಒಂದು ಗುಂಡುಸೂಜಿಯನ್ನೂ ಅಂಟಿಸಿದೆ. ಈಗ ಕಿಡಿ ಎಲ್ಲೆಲ್ಲೋ ಸಿಡಿಯದೆ ಅದೊಂದೇ ಕಡೆಯಿಂದ ಹೊರಡುತ್ತದೆ.

ಉಳಿದದ್ದು ಅರ್ತಿಂಗ್. ಮೇಲಿನ ಸುರುಳಿಯ ಬುಡವನ್ನು ಮಣ್ಣಿಗೆ ಸೇರಿಸಬೇಕು. ಅದಕ್ಕೆಂದೇ ತಾಮ್ರದ ಸರಳೊಂದನ್ನು ಹಿತ್ತಲಲ್ಲಿ ಹೊಡೆಯಬೇಕು. ಹಿತ್ತಲು ಕೆಳಮನೆಯವಳ ಪಾಲಿನದು. ಅವಳು ಟೈಲರ್, ಮಾತಿನ ಮಲ್ಲಿ. ಕೇಳಲು ಹೋದರೆ ಏನು, ಯಾಕೆ, ಶಾಕ್ ಹೊಡೆಯುತ್ತಾ ಎಂದು ಪುರಾಣ ಶುರು. ಹಾಗಾಗಿ ಗೋಡೆಯ ಪ್ಲಗ್ಗಿನ ಅರ್ತಿಗೇ ಸಿಕ್ಕಿಸಿದ್ದೇನೆ. ಆ ತಂತಿ ಮೇಲೆ ಕೆಳಗೆ ಇಡೀ ಮನೆಯದು, ಹಾಗೆ ಮಾಡಬಾರದು, ಗೊತ್ತು. ಕ್ಲಾಸಿನಲ್ಲಿ ಯಾವಳಾದರೂ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಪ್ರದರ್ಶನ ಮುಗಿಯುವವರೆಗೆ ತಾನೇ.

ಅವಳನ್ನು ನೆನೆಯುವುದಕ್ಕೂ ಅವಳು ಬರುವುದಕ್ಕೂ ಸರಿಹೋಯಿತು. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದಳು. "ಟೀಚರ್ರೇ, ಈಗ ನಮ್ಮನೆ ಬೆಲ್ ಒತ್ತಿದ್ದು ನೀವಾ?"

"ನಾನ್ಯಾಕೆ ಒತ್ತಲಿ?" ಎಂದೆ. ಬಾಗಿಲು ಹಾಕಿಕೊಂಡೆ.

ನವೆಂಬರ್ 9, ಭಾನುವಾರ

ಗೇಣಿನಿಂದ ಮುಂದೆ ಅರ್ಧ ಬೆರಳೂ ಕದಲುತ್ತಿಲ್ಲ. ಕಿಡಿಬಾಯಿ, ಅಂದರೆ ತಾಮ್ರದ ಎರಡು ತುಂಡುಗಳ ನಡುವೆ ಬಿಟ್ಟ ಸಂದು, ಕಾದು ಕಪ್ಪಾಗಿತ್ತು. ಉಜ್ಜಿ ಥಳಥಳ ಮಾಡಿ, ಪಕ್ಕದಲ್ಲಿ ಪುಟ್ಟ ಫ್ಯಾನು ಇಟ್ಟೆ. ಶಬ್ದ ಮೊದಲಿಗಿಂತ ಚುರುಕಾಯಿತು, ಉದ್ದ ಅಷ್ಟೇ.

ಬಟ್ಟೆ ಒಣಹಾಕಲು ಇಳಿದಾಗ ಕೆಳಮನೆಯವಳು ಸಿಕ್ಕಳು. ಮುಖ ಅರಳಿತ್ತು. ಅವಳ ಮುಖ ಅರಳಿದ್ದನ್ನು ನೋಡಿ ತಿಂಗಳುಗಳೇ ಆಗಿದ್ದವು. ಅವಳ ತಮ್ಮ ಮನೆ ಬಿಟ್ಟು ಹೋದಾಗಿನಿಂದ ಇಲ್ಲ.

"ಯಾರಿಗೂ ಹೇಳ್ಬೇಡಿ ಟೀಚರ್ರೇ. ಅವನು ಬರ್ತಿದ್ದಾನೆ."

"ಯಾರು, ನಿಮ್ಮ ತಮ್ಮನಾ?"

"ಸಂಜೆ ಹೊತ್ತು ಬೆಲ್ ಆಗುತ್ತೆ. ಓಡಿ ಹೋಗಿ ತೆಗೆದ್ರೆ ಯಾರೂ ಇರಲ್ಲ. ಮೊದಲು ಪಕ್ಕದ ಮಕ್ಕಳ ಚೇಷ್ಟೆ ಅಂದ್ಕೊಂಡೆ. ಅಲ್ಲ. ಅವನೇ. ನಾನು ಅವತ್ತು ಏನಂದಿದ್ದೆ ಗೊತ್ತಲ್ಲ ನಿಮಗೆ?"

ಗೊತ್ತು. ಇಡೀ ಬೀದಿಗೇ ಕೇಳಿಸಿತ್ತು. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಇವಳೇ. ಅವನು ಇಸ್ತ್ರಿಪೆಟ್ಟಿಗೆ ಮರೆತು ಗಿರಾಕಿಯ ಮದುವೆ ಗೌನು ಸುಟ್ಟಿದ್ದ. ಇವಳು ಹತ್ತು ಜನರೆದುರು, 'ನನ್ನ ಬಾಗಿಲಿಗೆ ಇನ್ನು ಬರಬೇಡ, ನೀನು ಹುಟ್ಟದೇ ಇದ್ದಿದ್ರೆ ನಾನು ಸುಖವಾಗಿರ್ತಿದ್ದೆ' ಎಂದು ಕಿರುಚಿದ್ದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದವನು ಹೋದ. ಫೋನೂ ಇಲ್ಲ.

"ಧೈರ್ಯ ಸಾಲದು ಅವನಿಗೆ. ಬೆಲ್ ಒತ್ತುತ್ತಾನೆ, ನನ್ನ ಹೆಜ್ಜೆ ಸದ್ದು ಕೇಳಿ ಓಡ್ತಾನೆ. ಆಗ್ಲಿ ಬಿಡಿ, ಬರ್ತಿದ್ದಾನಲ್ಲ."

"ಒಳ್ಳೇದಾಯ್ತು ಬಿಡಿ" ಎಂದೆ. ಸಂಜೆ ಹೊತ್ತು ಎಂದಳಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನ್ಯಾಕೆ ಚಡಪಡಿಸಬೇಕು? ಎಲ್ಲರ ಮನೆಯಲ್ಲೂ ಬೆಲ್ ಕೆಡುತ್ತದೆ.

ನವೆಂಬರ್ 11, ಮಂಗಳವಾರ

ಪರೀಕ್ಷೆ ಮಾಡಿದೆ. ಮಾಡಬಾರದಿತ್ತು.

ಯಜಮಾನರನ್ನು ಸಾಮಾನು ಕೋಣೆಯ ಹೊರಗಿನ ಸ್ವಿಚ್ಚಿನ ಹತ್ತಿರ ನಿಲ್ಲಿಸಿ, "ನಾನು ಕೆಮ್ಮಿದಾಗ ಒಂದೇ ಒಂದು ಕ್ಷಣ ಹಾಕಿ ತೆಗೀರಿ" ಎಂದು ಹೇಳಿ, ಮೆಟ್ಟಿಲ ತಿರುವಿನಲ್ಲಿ ಬಂದು ನಿಂತೆ. ಕೆಮ್ಮಿದೆ. ಮೇಲೆ ಚಟಚಟ, ಕೆಳಗೆ ಟಿಂಗ್‌ಟಾಂಗ್. ಕಣ್ಣುಮುಚ್ಚಿ ತೆರೆಯುವಷ್ಟೂ ಅಂತರವಿಲ್ಲ.

ಹೊಲಿಗೆ ಮಿಷನ್ನು ನಿಂತಿತು. ಓಡಿಬಂದ ಹೆಜ್ಜೆ. ಬಾಗಿಲು ತೆರೆಯಿತು. ನಾನು ಗೋಡೆಗೆ ಬೆನ್ನು ಒತ್ತಿ ನಿಂತೆ, ಕಳ್ಳಿಯ ಹಾಗೆ.

ಅವಳು ಹೊರಗೆ ಬರಲಿಲ್ಲ. ಹೊಸಿಲಲ್ಲೇ ನಿಂತು ಖಾಲಿ ಅಂಗಳಕ್ಕೆ ಮಾತಾಡಿದಳು. "ಬಾರೋ. ಬೈಯಲ್ಲ ಕಣೋ. ಆ ಗೌನು ಹಾಳಾಗಿ ಹೋಗ್ಲಿ. ನಾನು ಅವತ್ತು ಅಂದಿದ್ದು ಬಾಯಿಂದ ಬಂದಿದ್ದು, ಹೊಟ್ಟೆಯಿಂದ ಅಲ್ಲ. ನೀನು ಹುಟ್ಟಿದಾಗ ಅಮ್ಮ ಮೊದಲು ನನ್ನ ಕೈಗೇ ಕೊಟ್ಟಿದ್ದು, ಗೊತ್ತೇನೋ?" ಆಮೇಲೆ, "ಸರಿ, ಇವತ್ತು ಬೇಡ ಅಂದ್ರೆ ನಾಳೆ ಬಾ" ಎಂದು, ಬಾಗಿಲನ್ನು ಪೂರ್ತಿ ಮುಚ್ಚದೆ ಒಳಗೆ ಹೋದಳು.

ತಮ್ಮನಿಗೆ ಸಲ್ಲಬೇಕಾದ ಮಾತನ್ನು ನಾನು ಕದ್ದು ಕೇಳಿಸಿಕೊಂಡೆ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಹೇಳ್ಬಿಡು, ಈಗ್ಲೇ ಇಳಿದು ಹೋಗಿ ಹೇಳ್ಬಿಡು" ಎಂದರು ಇವರು.

"ಈಗ ಅಳ್ತಿದ್ದಾಳೆ ರೀ. ನಾಳೆ ಹೇಳ್ತೀನಿ."

ನವೆಂಬರ್ 12, ಬುಧವಾರ

ಹೇಳಲಿಲ್ಲ.

ನವೆಂಬರ್ 14, ಶುಕ್ರವಾರ

ಇವತ್ತೂ ಇಲ್ಲ. ಕಾಯಿಲ್ ಮುಟ್ಟಲೂ ಇಲ್ಲ. ಹಾಕದಿದ್ದರೆ ಬೆಲ್ ಆಗುವುದಿಲ್ಲ, ಆಗದಿದ್ದರೆ ತಾನಾಗಿ ಮರೆಯುತ್ತಾಳೆ, ಅಲ್ಲಿಗೆ ಮುಗಿಯಿತು ಎಂದು ನನ್ನ ಲೆಕ್ಕ.

ಹಾಕದೆ ಕೂತು ಯೋಚಿಸಿದರೆ ಕಿಡಿ ಯಾಕೆ ಗೇಣಿಗೇ ನಿಂತಿದೆ ಎನ್ನುವುದೂ ಹೊಳೆಯಿತು. ಕಳ್ಳ ಅರ್ತಿಂಗ್. ಮನೆಯ ತಂತಿ ಎಲ್ಲೆಲ್ಲೋ ಸುತ್ತಿ ಎಷ್ಟೋ ದೂರಕ್ಕೆ ಮಣ್ಣು ಸೇರುತ್ತದೆ. ಕಿಡಿಗೆ ಹೋಗಬೇಕಾದ ಶಕ್ತಿ ಅಲ್ಲಿ ಸೋರಿ ಯಾರ್‍ಯಾರ ಮನೆಯ ಸಾಮಾನಿಗೋ ನುಗ್ಗುತ್ತದೆ. ಹಿತ್ತಲಲ್ಲಿ ಸರಳು ಹೊಡೆದಿದ್ದರೆ ಬೆಲ್ಲೂ ಆಗುತ್ತಿರಲಿಲ್ಲ, ಕಿಡಿಯೂ ಬೆಳೆಯುತ್ತಿತ್ತು. ಒಬ್ಬ ಹೆಂಗಸಿನ ಹತ್ತಿರ ಎರಡು ಮಾತಾಡಲು ಸೋಮಾರಿತನ ಮಾಡಿ ಇಷ್ಟೆಲ್ಲ ರಾಮಾಯಣ. ಈಗ ಸರಳು ಹೊಡೆಯಲು ಹೋದರೆ ಎಲ್ಲವನ್ನೂ ಹೇಳಬೇಕು.

ಕೆಮಿಸ್ಟ್ರಿ ಮೇಷ್ಟ್ರು ದಿನಾ ಕಾರಿಡಾರಿನಲ್ಲಿ ಮೊಣಕೈ ಚಾಚಿ ತೋರಿಸಿ ನಗುತ್ತಾರೆ.

ನವೆಂಬರ್ 17, ಸೋಮವಾರ

ಇದನ್ನು ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಸಂಜೆ ಕೆಳಮನೆಯಾಕೆ ಮೇಲೆ ಬಂದರು. ಕಣ್ಣು ಗುಳಿಬಿದ್ದಿದ್ದವು. ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕೊಟ್ಟ ಚಹಾ ಕುಡಿಯದೆ ಕೈಯಲ್ಲೇ ಹಿಡಿದುಕೊಂಡು, "ಬರ್ತಾನೇ ಇಲ್ಲ ಟೀಚರ್ರೇ. ಅವತ್ತಿಂದ ಬೆಲ್ಲೇ ಇಲ್ಲ. ಹುಷಾರಿಲ್ವೇನೋ. ನಾನು ಅವತ್ತು ಬಾಗಿಲಲ್ಲಿ ಮಾತಾಡಿದ್ದು ತಪ್ಪಾಯ್ತೇನೋ. ಮುಜುಗರ ಆಗಿರ್ಬೇಕು ಅವನಿಗೆ" ಎಂದು ಬಿಕ್ಕಿ ಬಿಕ್ಕಿ ಅತ್ತರು.

ಹೇಳಬೇಕಾದ ಹೊತ್ತು ಅದೇ ಇತ್ತು. ಆಕೆಯೇ ಬಂದು ಎದುರು ಕೂತಿದ್ದರು. ನಾನು "ಬರ್ತಾನೆ ಬಿಡಿ, ಅಳಬೇಡಿ" ಎಂದೆ. ಬೆನ್ನು ಸವರಿದೆ.

ಆಕೆ ಇಳಿದು ಹೋದ ಮೇಲೆ ಸಾಮಾನು ಕೋಣೆಗೆ ಹೋಗಿ ಸ್ವಿಚ್ ಹಾಕಿದೆ.

ಬೇಕೆಂದೇ ಹಾಕಿದೆ. ಪಾಪ, ಒಂದು ಸಲ ಸಮಾಧಾನವಾಗಲಿ ಎಂದುಕೊಂಡೆ. ಹೊಸಿಲಿಗೆ ಓಡಿದ ಸದ್ದು ಮೇಲಿನವರೆಗೆ ಕೇಳಿತು, "ಬಂದ್ಯೇನೋ!" ಎಂದ ದನಿಯೂ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದೆ.

ಅಷ್ಟೇ ಆಗಿದ್ದರೆ ಕರುಣೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಸ್ವಿಚ್ ಹಾಕುವ ಮುಂಚೆ ನಾನು ಕ್ಲಿಪ್ಪನ್ನು ಅರ್ಧ ಸುತ್ತು ಹೊರಗೆ ಸರಿಸಿದ್ದೆ. ಕಿಡಿ ಬೆಳೆದಂತೆಲ್ಲ ಅದರ ಭಾರಕ್ಕೆ ಮೇಲಿನ ಸುರುಳಿಯ ತಾಳ ನಿಧಾನವಾಗುತ್ತದೆ, ಅದಕ್ಕೆ ತಕ್ಕಂತೆ ಕೆಳಗಿನದನ್ನೂ ಮೊದಲೇ ನಿಧಾನ ಮಾಡಿಟ್ಟಿರಬೇಕು ಎಂದು ಶನಿವಾರ ಹೊಳೆದಿತ್ತು, ಪರೀಕ್ಷಿಸಲು ಕೈ ತುರಿಸುತ್ತಿತ್ತು. ಕಿಡಿ ಒಂದು ಗೇಣು ಮೇಲೆ ನಾಲ್ಕು ಬೆರಳು ಬಂತು. ಕೆಳಗೆ ಆಕೆ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಗ ನಾನು ಸ್ಕೇಲು ಹುಡುಕುತ್ತಿದ್ದೆ.

ನವೆಂಬರ್ 18, ಮಂಗಳವಾರ

ಇವರಿಗೆ ಗೊತ್ತಾಯಿತು. ಬೈಯಲಿಲ್ಲ. ಊಟ ಮಾಡಿ ತಟ್ಟೆ ತೊಳೆದಿಟ್ಟು, "ನನ್ನ ಹತ್ರ ಕಲಿಯೋರು ಗೋಡೆಗೆ ಗುದ್ದಿದ್ರೆ ನಂಗೆ ಕೋಪ ಬರಲ್ಲ. ಗುದ್ದಿ, ರಿವರ್ಸ್ ತಗೊಂಡು, ಮತ್ತೆ ಗುದ್ದಿದ್ರೆ ಏನ್ ಹೇಳ್ಲಿ" ಎಂದು ಮಲಗಿದರು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 20, ಗುರುವಾರ

ಕೆಳಗಿನಕ್ಕ ಹೊಸ ಅಂಗಿ ಹೊಲಿದು ಬಾಗಿಲ ಹಿಡಿಗೆ ತೂಗುಹಾಕಿದ್ದಾರೆ. ತಮ್ಮ ಬಂದವನು ಎದುರಿಗೆ ಬಾರದಿದ್ದರೂ ತೆಗೆದುಕೊಂಡು ಹೋಗಲಿ ಎಂದು. ಕಾಲರಿಗೆ ಎರಡು ಸಲ ಹೊಲಿಗೆ ಹಾಕಿದ್ದೇನೆ, ಅವನು ಕಾಲರ್ ಎಳೆಯುವುದು ಜಾಸ್ತಿ ಎಂದರು. ನಾನು ಅಂಗಿಯನ್ನು ಮುಟ್ಟಲಿಲ್ಲ.

ಅದಲ್ಲ ಸಂಗತಿ. ತಮ್ಮನ ಜೊತೆ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ಕು ಮಧ್ಯಾಹ್ನ ಬಂದಿದ್ದನಂತೆ. ಇಲ್ಲಿಂದ ಅರ್ಧ ದಿನದ ಬಸ್ಸಿನ ದಾರಿಯಲ್ಲಿ ಇನ್ನೊಂದು ಊರು, ಅಲ್ಲಿ ಲಾರಿ ಶೆಡ್ಡಿನಲ್ಲಿ ತಮ್ಮನನ್ನು ಕಣ್ಣಾರೆ ಕಂಡಿದ್ದಾನೆ. ಭಾನುವಾರ ಲಾರಿ ದೂರದ ಬಾಡಿಗೆಗೆ ಹೊರಡುತ್ತದೆ, ತಮ್ಮನೂ ಜೊತೆಗೆ ಹೋಗುತ್ತಾನೆ, ಆಮೇಲೆ ಎಲ್ಲಿ ಹುಡುಕುವುದೋ ಗೊತ್ತಿಲ್ಲ, ಹೋಗುವುದಾದರೆ ಈಗಲೇ ಹೋಗಕ್ಕ ಎಂದು ಹೇಳಿ ಹೋಗಿದ್ದಾನೆ.

"ಮತ್ತೆ? ಹೊರಡಿ!" ಎಂದೆ.

ಅಕ್ಕ ನಕ್ಕರು. "ಆ ಮೆಕ್ಯಾನಿಕ್ಕನ ಕಣ್ಣಿಗೇನೋ ಆಗಿದೆ. ಸೋಮವಾರ ಸಂಜೆ ನನ್ನ ಬಾಗಿಲಿಗೆ ಬಂದೋನು ಅಲ್ಲಿ ಹೇಗಿರ್ತಾನೆ? ನಾನು ಅಲ್ಲಿಗೆ ಹೋದಾಗ ಇವನು ಇಲ್ಲಿಗೆ ಬಂದು, ಬೀಗ ನೋಡಿ ಹೋಗ್ಬಿಟ್ರೆ? ನಾನೆಲ್ಲೂ ಕದಲಲ್ಲ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಪ್ಯಾಂಟು ಮೊಟಕು ಮಾಡಿಸಲು ಬಂದರು. ಬಂದದ್ದೇ ಪುಣ್ಯ ಎಂದು ಮೇಲೆ ಓಡಿಬಂದೆ. ಥೂ ನನ್ನ ಜನ್ಮಕ್ಕೆ.

ನವೆಂಬರ್ 21, ಶುಕ್ರವಾರ

ಹೇಳಿದೆ.

ಶಾಲೆಯಿಂದ ನೇರ ಕೆಳಮನೆಗೇ ಹೋದೆ, ಮೇಲೆ ಹೋದರೆ ಇಳಿಯುವುದಿಲ್ಲ ಎಂದು. ಅಕ್ಕ ಯೂನಿಫಾರಂ ರಾಶಿಯ ನಡುವೆ ಕೂತಿದ್ದರು. ನಿಂತೇ ಹೇಳಿದೆ. ಬೆಲ್ ಒತ್ತಿದ್ದು ಅವನಲ್ಲ, ನನ್ನ ಯಂತ್ರ, ಅದರ ಕರೆಂಟು ಮನೆಯ ತಂತಿಗೆ ನುಗ್ಗಿ ನಿಮ್ಮ ಬೆಲ್ ಬಾರಿಸುತ್ತದೆ ಎಂದೆ. ಅಕ್ಕನಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗುವುದು ಬೇಡವಾಗಿತ್ತು.

"ತೋರಿಸಿ" ಎಂದರು.

ಮೇಲೆ ಹೋಗಿ ಸ್ವಿಚ್ ಹಾಕಿ ತೆಗೆದೆ, ಕೆಳಗೆ ಬೆಲ್ ಆಯಿತು, ಇಳಿದುಬಂದೆ. ಅಕ್ಕ ಬೆಲ್ಲಿನ ಡಬ್ಬಿಯ ಕೆಳಗೆ ನಿಂತಿದ್ದರು, ಈ ಸಲ ಬಾಗಿಲಿಗೆ ಓಡಿರಲಿಲ್ಲ. "ಇನ್ನೊಂದು ಸಲ." ಮತ್ತೆ ಹತ್ತಿದೆ, ಮತ್ತೆ ಇಳಿದೆ. "ಇನ್ನೊಂದು ಸಲ." ಮೂರನೆಯ ಸಲ ಇಳಿದು ಬಂದಾಗ ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕೂತಿದ್ದರು.

"ಎಲ್ಲಾ ಸಲಾನೂ ಇದೇನಾ?"

"ಹೂಂ."

"ಸೋಮವಾರ? ನಾನು ನಿಮ್ಮನೇಲಿ ಅತ್ತು ಬಂದ್ನಲ್ಲ, ಆಮೇಲೆ ಆಗಿದ್ದು?"

"ಅದು... ಬೇಕಂತಲೇ ಹಾಕಿದ್ದು."

ನನ್ನ ಮುಖ ನೋಡಿದರು. ಬೈಗುಳಕ್ಕೆ ನಾನು ತಯಾರಾಗಿ ಬಂದಿದ್ದೆ. ಬೈಯಲಿಲ್ಲ. "ಇದು ಆಗದ ಹಾಗೆ ಮಾಡೋಕೆ ಬರ್ತಿರ್ಲಿಲ್ವಾ?" ಎಂದು ಕೇಳಿದರು.

"ಬರ್ತಿತ್ತು. ನಿಮ್ಮ ಹಿತ್ತಲಲ್ಲಿ ಒಂದು ಸರಳು ಹೊಡೀಬೇಕಿತ್ತು. ನಿಮ್ಮನ್ನ ಕೇಳೋಕೆ... ಕೇಳ್ಲಿಲ್ಲ."

"ಕೇಳಿದ್ರೆ ನಾನೇನು ಬೇಡ ಅಂತಿದ್ನಾ?"

ಬಗ್ಗಿ ಸುತ್ತ ಬಿದ್ದಿದ್ದ ಬಟ್ಟೆಯ ಚೂರು ಆಯತೊಡಗಿದೆ.

ಅಕ್ಕ ಎದ್ದು ಬಾಗಿಲ ಹಿಡಿಯಿಂದ ಅಂಗಿ ತೆಗೆದು, ಮಡಿಸಿ, ಚೀಲಕ್ಕೆ ಹಾಕಿದರು. ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ ಎಂದರು. ನನ್ನ ಕಡೆ ತಿರುಗದೆಯೇ, "ನಾಳೆ ಇಡೀ ದಿನ ನೀವು ಇಲ್ಲಿ ಕೂತಿರ್ಬೇಕು. ಬಾಗಿಲು ತೆಗೆದಿಟ್ಕೊಂಡು. ನಾನು ಇಲ್ಲದ ಹೊತ್ತಲ್ಲಿ ಅವನು ಬಂದುಬಿಟ್ರೆ" ಎಂದರು.

ಮೂರು ಸಲ ಮಾಡಿ ತೋರಿಸಿದ ಮೇಲೂ! ನಾಳೆ ಶನಿವಾರ, ಪ್ರದರ್ಶನ ಎಂದು ಹೇಳಲಿಲ್ಲ. "ಕೂತಿರ್ತೀನಿ" ಎಂದೆ.

ಹೆಡ್‌ಮಿಸ್‌ಗೆ ಫೋನ್ ಮಾಡಿ ನಾಳೆ ಬರುವುದಿಲ್ಲ ಎಂದೆ. "ಹುಷಾರಿಲ್ವೇನ್ರೀ?" ಎಂದರು.

"ಹುಷಾರಾಗಿದ್ದೀನಿ ಮೇಡಂ. ನನ್ನ ಕಾಯಿಲ್ಲಿನ ಕಿಡಿ ಮೊಳ ಬರಲ್ಲ. ಗೇಣು ಮೇಲೆ ನಾಲ್ಕು ಬೆರಳು. ಸುಳ್ಳು ಹೇಳಿದ್ದೆ. ಕೆಮಿಸ್ಟ್ರಿ ಸಾರ್‌ಗೂ ಹೇಳ್ಬಿಡಿ."

ಇಷ್ಟು ದಿನ ಇದೊಂದು ಮಾತಿಗಾಗಿ ಸತ್ತಿದ್ದೆ, ಹೇಳುವಾಗ ಏನೂ ಅನ್ನಿಸಲಿಲ್ಲ.

ನವೆಂಬರ್ 22, ಶನಿವಾರ

ಕೆಳಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಕಾಯಿಲ್ಲಿನ ತಂತಿಗಳನ್ನೆಲ್ಲ ನಿನ್ನೆ ರಾತ್ರಿಯೇ ಬಿಚ್ಚಿಟ್ಟಿದ್ದೇನೆ.

ಬೆಳಿಗ್ಗೆಯಿಂದ ಬಾಗಿಲು ತೆರೆದೇ ಇದೆ. ಆದರೂ ಬಂದವರೆಲ್ಲ ಬೆಲ್ ಒತ್ತುತ್ತಾರೆ. ಮೊದಲ ಸಲ ಆದಾಗ ಮಡಿಲಲ್ಲಿದ್ದ ಕತ್ತರಿ, ದಾರದುಂಡೆ ಎಲ್ಲ ಚೆಲ್ಲಿಕೊಂಡು ಓಡಿದೆ. ಯೂನಿಫಾರಂ ಒಯ್ಯಲು ಬಂದ ಹೆಂಗಸು. ಎರಡನೆಯ ಸಲ ಗುಂಡಿ ಹಾಕಿಸುವವರು. ಅವನಲ್ಲ ಎಂದು ಈ ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತು. ಅವನು ಎಷ್ಟೋ ಹರದಾರಿ ದೂರದ ಲಾರಿ ಶೆಡ್ಡಿನಲ್ಲಿದ್ದಾನೆ. ಆದರೂ ಪ್ರತಿ ಸಲ ಓಡಿದೆ, ಪ್ರತಿ ಸಲ ಬೇರೆ ಯಾರದೋ ಮುಖ ಕಂಡು ತಿರುಗಿ ಬಂದು ಕೂತೆ. ಇದನ್ನು ನಾನು ಆ ಹೆಂಗಸಿಗೆ ಎಷ್ಟು ಸಂಜೆ ಮಾಡಿದೆ! ಮಧ್ಯಾಹ್ನ ಇವರು ಊಟ ತಂದುಕೊಟ್ಟು, ಸ್ವಲ್ಪ ಹೊತ್ತು ಜೊತೆಗೆ ಕೂತು ಹೋದರು.

ಇಳಿಹೊತ್ತಿಗೆ ಅಕ್ಕನ ಫೋನು ಬಂತು. ಹಿಂದೆ ಲಾರಿಗಳ ಗದ್ದಲ.

"ಸಿಕ್ಕಿದ ಟೀಚರ್ರೇ."

"ಏನಂದ?"

"ಮುಖ ಕೊಟ್ಟು ಮಾತಾಡ್ತಿಲ್ಲ. ಅಂಗಿ ಹಾಕ್ಕೊಂಡಿದ್ದಾನೆ. ಸೊರಗಿದ್ದಾನೆ ಕಣ್ರೀ, ಭುಜ ಎಲ್ಲ ಸಡಿಲ ಆಗಿದೆ. ಎದುರಿಗೆ ಕೂತು ಊಟ ಮಾಡ್ತಿದ್ದಾನೆ. ನಾನು ಕೈ ತೊಳೆಯೋ ನೆಪ ಮಾಡಿ ಈಚೆ ಬಂದೆ."

"ಕರ್ಕೊಂಡು ಬನ್ನಿ" ಎಂದೆ. ಲಾರಿಗಳ ಗದ್ದಲಕ್ಕೆ ಕೇಳಿಸಿತೋ ಇಲ್ಲವೋ, ಇನ್ನೊಮ್ಮೆ ಹೇಳಿದೆ. "ಕರ್ಕೊಂಡು ಬನ್ನಿ ಅಕ್ಕಾ."

"ನೋಡೋಣ. ಬರಲ್ಲ ಅಂದ್ರೂ ಎಲ್ಲಿದ್ದಾನೆ ಅಂತಾದ್ರೂ ಗೊತ್ತಾಯ್ತಲ್ಲ." ಲಾರಿಯೊಂದು ಹಾರ್ನ್ ಹೊಡೆಯಿತು, ಅದು ಮುಗಿದ ಮೇಲೆ ಅಕ್ಕನ ದನಿ ಮತ್ತೆ ಬಂತು.

"ಕೇಳಿದೆ ಟೀಚರ್ರೇ. ಬಾಗಿಲ ತನಕ ಏನಾದ್ರೂ ಬಂದಿದ್ಯಾ ಅಂತ ಕೇಳಿದೆ." ಉಸಿರೆಳೆದುಕೊಂಡ ಸದ್ದು. "ಒಂದು ಸಲಾನೂ ಬಂದಿಲ್ವಂತೆ."